ಬೇರು ಸಮೇತ ಕಿತ್ತ ಸಸಿ

ಮದುವೆಯಾಗಿ ಹೊಳೆದಂಡೆಯ ಆ ಊರಿಗೆ ಬಂದ ಮೊದಲ ವರ್ಷ, ಹಿತ್ತಲಿನ ಗೋಡೆಯ ಬುಡದಲ್ಲಿ ಶಾವಂತಿಗೆ ಸಸಿಗಳು ಎದ್ದಿವೆ ಎಂದು ನಾನು ಬಹಳ ಹಿಗ್ಗಿದ್ದೆ. ಇಪ್ಪತ್ತು ದಿನ ಬಿಡದೆ ಸಂಜೆ ತಂಬಿಗೆಯಲ್ಲಿ ನೀರು ಹಾಕಿದೆ. ಬುಡ ಸಡಿಲಿಸಿ ಗೊಬ್ಬರ ಕೊಟ್ಟೆ. ಸುತ್ತ ಬೆಳೆದಿದ್ದ ಕಸವನ್ನೆಲ್ಲ ಕಿತ್ತು ತಿಪ್ಪೆಗೆ ಎಸೆದೆ. ಅತ್ತೆ ದಿನಾಲೂ ಇದನ್ನು ನೋಡುತ್ತಿದ್ದರು, ತುಟಿ ಪಿಟಕ್ಕೆನ್ನಲಿಲ್ಲ. ಹೂ ಬಿಟ್ಟ ದಿನ ಮಾತ್ರ ಓಣಿಯ ಹೆಂಗಸರನ್ನೆಲ್ಲ ಕರೆದು ತಂದು ತೋರಿಸಿದರು. ಅದು ಕಾಂಗ್ರೆಸ್ ಕಸ. ಕಸವೆಂದು ನಾನು ಎಸೆದದ್ದು ಹತ್ತರಕಿ ಪಲ್ಯ, ಉಣ್ಣುವ ಸೊಪ್ಪು.

"ನಿಪ್ಪಾಣ್ಯಾಗ ಇದಕ್ಕ ಶಾವಂತಿ ಅಂತಾರಂತ ನೋಡ್ರೆವಾ. ತುರಬಿಗೆ ಮುಡ್ಕೊಂಡ ಹೋಗ್ರಿ" ಎಂದರು ಅತ್ತೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಮುಂದೆ ಒಂದು ವರ್ಷ ನಾನು ಬಾವಿಗೆ ಹೋದರೂ, ಗಿರಣಿಗೆ ಹೋದರೂ, ಯಾರಾದರೊಬ್ಬರು ಶಾವಂತಿಗೆಯ ಯೋಗಕ್ಷೇಮ ಕೇಳುವವರೇ.

ನಗುವುದಕ್ಕೆ ನನಗೂ ಬರುತ್ತದೆ. ಆದರೆ ಅವತ್ತು ಬರಲಿಲ್ಲ. ನಾನು ನಿಪ್ಪಾಣಿಯ ತಂಬಾಕು ವಖಾರಿಯ ಗುಮಾಸ್ತನ ಮಗಳು. ನಮ್ಮ ಮನೆಗೆ ಹಿತ್ತಲು ಎಂಬುದೇ ಇರಲಿಲ್ಲ, ಇದ್ದದ್ದು ಡಬ್ಬಿಯಲ್ಲಿ ಬೆಳೆದ ಒಂದು ತುಳಸಿ. ಆದರೂ ದಿನಾ ಬಸ್ಸು ಹತ್ತಿ ಚಿಕ್ಕೋಡಿಗೆ ಹೋಗಿ ಪಿಯುಸಿ ಸೈನ್ಸ್ ಓದಿದವಳು ನಾನು. ದಾಸವಾಳವನ್ನು ಬ್ಲೇಡಿನಿಂದ ಸೀಳಿ ಒಳಗಿನ ಅಂಗಗಳ ಹೆಸರು ಹೇಳಬಲ್ಲವಳು. ಸಸ್ಯಶಾಸ್ತ್ರದ ನನ್ನ ಮಾಸ್ತರರು, ಗಿಡದ ನಮೂನೆ ತರುವುದಿದ್ದರೆ ಬೇರು ಸಮೇತ ತರಬೇಕು, ತುದಿ ಚಿವುಟಿ ತಂದವರಿಗೆ ಸೊನ್ನೆ ಎನ್ನುತ್ತಿದ್ದರು. ನಾನು ಹಳೆಯ ಪೇಪರಿನ ನಡುವೆ ಒಣಗಿಸಿ ಅಂಟಿಸಿದ ಗಿಡಗಳ ವಹಿಗೆ ವರ್ಗದಲ್ಲೇ ಹೆಚ್ಚು ಮಾರ್ಕು ಬಿದ್ದಿತ್ತು. ಆ ವಹಿಯನ್ನು ಗಂಡನ ಮನೆಗೆ ಹೊತ್ತು ತಂದಿದ್ದೆ. ಅದರಲ್ಲಿದ್ದ ಮೂವತ್ತು ಗಿಡಗಳಲ್ಲಿ ಒಂದನ್ನೂ ಹೇಗೆ ಅಡುಗೆ ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಹಿತ್ತಲಿನ ನೆಲದಿಂದ ಯಾವುದು ತಲೆ ಎತ್ತಿದರೂ ಅವರಿಗೆ ಅದರ ಹೆಸರು ಗೊತ್ತು. ಉಣ್ಣುವುದು, ದನಕ್ಕೆ ಹಾಕುವುದು, ಔಷಧಕ್ಕೆ ಆಗುವುದು, ತಿಪ್ಪೆಗೆ ಹೋಗುವುದು, ಹೀಗೆ ನಾಲ್ಕು ಪಾಲು. ಬಚ್ಚಲ ನೀರು ಹರಿಯುವಲ್ಲಿ ಗೋಳಿಪಲ್ಯ, ಬದನೆಯ ಸಾಲಿನಲ್ಲಿ ಕಿರಕಸಾಲಿ, ಬೇಲಿಯ ಬುಡದಲ್ಲಿ ಉತ್ತರಾಣಿ. ಅವರು ಬಗ್ಗಿ ಉಗುರಿನಿಂದ ತುದಿ ಚಿವುಟುತ್ತಾ ಹೋದರೆ ಅರ್ಧ ತಾಸಿನಲ್ಲಿ ಉಡಿ ತುಂಬುತ್ತಿತ್ತು. ಬೇರು ಕೀಳುತ್ತಿರಲಿಲ್ಲ, ಚಿವುಟಿದ ಪಲ್ಯ ವಾರಕ್ಕೆ ಮತ್ತೆ ಚಿಗುರುತ್ತದೆ. ಬರೀ ಕೈ ಬೀಸಿಕೊಂಡು ಹೋಗಿ ಒಂದು ಹೊತ್ತಿನ ಊಟ ತರುವ ಆ ಹೆಂಗಸನ್ನು ಕಂಡರೆ ನನಗೆ ಆಶ್ಚರ್ಯವೂ ಆಗುತ್ತಿತ್ತು, ಮೈಯೂ ಉರಿಯುತ್ತಿತ್ತು.

ಗೊತ್ತಿಲ್ಲದ ಗಿಡ ಬಂದರೆ ಅದಕ್ಕೂ ಆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಒಂದು ಹಿಡಿ ಕಿತ್ತು ಆಡಿನ ಮುಂದೆ ಹಾಕುವುದು. ಆಡು ಮೂಸಿ ಬಿಟ್ಟರೆ ಅದು ಕಸ. ತಿಂದು, ಮರುದಿನ ಎಂದಿನಂತೆ ಹಾಲು ಕೊಟ್ಟು ಜಿಗಿದಾಡಿದರೆ ಅದು ಪಲ್ಯ. ಆಮೇಲೆ ಮನೆಯ ಹಿರಿಯ ಹೆಂಗಸು ಒಂದು ಎಲೆ ಜಗಿದು ನೋಡಬೇಕು, ನಾಲಿಗೆ ಸುಡದಿದ್ದರೆ ಗಡಿಗೆಗೆ. ನಾನು ಇದನ್ನು ಕೇಳಿ ಮೂಗು ಮುರಿದಿದ್ದೆ. ಆದರೆ ಎಷ್ಟೋ ವರ್ಷಗಳಿಂದ ಅವರು ಹೀಗೇ ಮಾಡಿಕೊಂಡು ಬಂದಿದ್ದರು, ಯಾರಿಗೂ ಏನೂ ಆಗಿರಲಿಲ್ಲ.

ನಾನು ಬಂದ ಮೂರನೇ ಮಳೆಗಾಲದಲ್ಲಿ ಹೊಳೆ ನಮ್ಮ ಹಿತ್ತಲಿಗೆ ಬಂತು. ಎಂಬತ್ತರ ದಶಕ ಮುಗಿಯುತ್ತಾ ಬಂದ ಹೊತ್ತು ಅದು. ಕೃಷ್ಣೆ ಕಬ್ಬಿನ ಹೊಲ ದಾಟಿ, ಬೇಲಿ ದಾಟಿ, ಬಚ್ಚಲ ಕಲ್ಲಿನ ತನಕ ಏರಿ, ನಾಲ್ಕು ದಿನ ನಿಂತು ಇಳಿಯಿತು. ಬದನೆ, ಮೆಣಸಿನ ಗಿಡ ಎಲ್ಲ ಕೊಳೆತು ಹೋದವು. ಉಳಿದದ್ದು ಗೇಣುದ್ದ ಕಪ್ಪು ಕೆಸರಿನ ರೊಜ್ಜು. ಅದೇ ತಿಂಗಳಲ್ಲಿ ನಾದಿನಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಅವಳನ್ನು ಅಲ್ಲೇ ಹತ್ತಿರದ ಅನಂತಪುರಕ್ಕೆ ಕೊಟ್ಟಿತ್ತು. ಏಳು ತಿಂಗಳು ತುಂಬಿತ್ತು. ಮನೆಯಲ್ಲಿ ನಾವು ಮೂವರು ಹೆಂಗಸರು, ನನ್ನ ಗಂಡ ಒಬ್ಬರೇ ಗಂಡಸು. ಅವರು ಉಗಾರದ ಫ್ಯಾಕ್ಟರಿಗೆ ಪಾಳಿಯ ಮೇಲೆ ಹೋಗುತ್ತಿದ್ದರು. ಮಧ್ಯಾಹ್ನದ ಬುತ್ತಿ ಅಲ್ಲೇ.

ನಾದಿನಿ ಕೆಟ್ಟವಳಲ್ಲ. ನನಗಿಂತ ಎರಡು ವರ್ಷಕ್ಕೆ ಸಣ್ಣವಳು, ವೈನಿ ವೈನಿ ಎಂದು ಅತ್ತಿಗೆಯ ಬೆನ್ನಿಗೇ ಇರುತ್ತಿದ್ದಳು. ಆದರೆ ಅವಳ ಹೊಟ್ಟೆಯನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತಿತ್ತು. ನನಗೆ ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಿರಲಿಲ್ಲ. ಮಗಳಿಗೆ ತುಪ್ಪ, ಮಗಳಿಗೆ ಹಾಲು, ಮಗಳಿಗೆ ಬಾಯಿ ರುಚಿ ಕೆಟ್ಟಿದೆ ಎಂದು ಅತ್ತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓಡಾಡುತ್ತಿದ್ದರು. ಅವಳಿಗೆ ಬೇಕಾಗಿದ್ದದ್ದು ಹಸಿರು ಪಲ್ಯ. ಹಿತ್ತಲಿನಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಸಂತೆಗೂ ದಾರಿ ಕೆಟ್ಟು ಕಾಯಿಪಲ್ಯ ಬರುತ್ತಿರಲಿಲ್ಲ.

ರೊಜ್ಜು ಒಣಗಿ ಬಿರುಕು ಬಿಟ್ಟ ಮೇಲೆ, ಒಂದು ಬೆಳಿಗ್ಗೆ ನೋಡಿದರೆ ಹಿತ್ತಲೆಲ್ಲ ಹಸಿರು. ಒತ್ತೊತ್ತಾಗಿ ಒಂದೇ ಬಗೆಯ ಸಸಿ. ಪ್ರತಿಯೊಂದಕ್ಕೂ ಎರಡೇ ಎಲೆ, ಬೆರಳುದ್ದ, ದಪ್ಪ, ಗೋಳಿಪಲ್ಯದ ಹಾಗೆ ರಸ ತುಂಬಿದ್ದು. ಅತ್ತೆ ಬಗ್ಗಿ ನೋಡಿದರು, ಚಿವುಟಿ ಮೂಸಿದರು. ಅವರಿಗೆ ಹೆಸರು ಸಿಗಲಿಲ್ಲ. ಅವರು ಹಾಗೆ ತಡವರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪಕ್ಕದ ಮನೆಯ ಇಬ್ಬರು ಹೆಂಗಸರೂ ಬಂದರು, ಅವರ ಹಿತ್ತಲಿನಲ್ಲೂ ಇದೇ ಎದ್ದಿತ್ತು. ಯಾರಿಗೂ ಗೊತ್ತಾಗಲಿಲ್ಲ. ಒಂದು ಹಿಡಿ ಆಡಿನ ಮುಂದೆ ಬಿತ್ತು. ಆಡು ಕರಕರ ತಿಂದಿತು.

ಮರುದಿನ ಸಂಜೆ ಆಡು ಚೆನ್ನಾಗಿಯೇ ಇತ್ತು. ಅತ್ತೆ ಒಂದು ಎಲೆ ಜಗಿದು, "ಸ್ವಲ್ಪ ಕಹಿ ಐತಿ. ಕುದಿಸಿ ನೀರ ಬಸದ್ರ ಹೋಗತೈತಿ" ಎಂದರು. ಪಕ್ಕದ ಹೆಂಗಸರೂ ಅಲ್ಲೇ ಇದ್ದರು. ನಾನು ಸುಮ್ಮನಿರಬಹುದಿತ್ತು, ಆದರೆ ಅವತ್ತು ಬಾಯಿ ತೆರೆದೆ.

"ಅತ್ತಿ, ಇವು ಬೀಜದಾಗಿನ ಎಲಿರಿ. ಖರೆ ಎಲಿ ಇನ್ನೂ ಬಂದಿಲ್ಲ. ಅವು ಬರೂತನಾ ಯಾವ ಗಿಡ ಅಂತ ಹೇಳಾಕ ಬರೂದಿಲ್ಲ. ಎಂಟ ದಿನಾ ತಡೀರಿ."

ಅಷ್ಟು ಮಾತು ಸರಿಯಾಗಿತ್ತು. ನಾನು ಓದಿದ ಎರಡು ವರ್ಷದ ಸೈನ್ಸಿನಿಂದ ಆ ಮನೆಗೆ ಆಗಬಹುದಾಗಿದ್ದ ಉಪಯೋಗವೆಲ್ಲ ಆ ಮಾತಿನಲ್ಲಿತ್ತು. ಅತ್ತೆ ಪಕ್ಕದವರ ಕಡೆ ತಿರುಗಿ ನಕ್ಕರು.

"ಶಾವಂತಿ ಬೆಳಸಿದಾಕಿ ಹೇಳಾಕತ್ತಾಳ, ಕೇಳ್ರೆವಾ. ತಡೀಬೇಕಂತ. ಮೂರ ವರ್ಷ ಆತು, ನಿನ್ನ ಸಲುವಾಗಿ ತಡಕೋತನ ಕುಂತೇವಲ್ಲವಾ, ಇನ್ನೆಷ್ಟ ತಡಿಯೂಣು?"

ಅವರು ಯಾವುದಕ್ಕೆ ತಡೆದು ಕೂತಿದ್ದರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೆಂಗಸರು ನಕ್ಕರು. ಬಾಗಿಲಲ್ಲಿ ಕೂತಿದ್ದ ನಾದಿನಿಯೂ ನಕ್ಕಳು, ಆಮೇಲೆ ನನ್ನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಕಣ್ಣೀರು ಸುರಿಸಿದೆ. ಬೇಸರಕ್ಕಲ್ಲ, ಸಿಟ್ಟಿಗೆ.

ಮರುದಿನ ಎಲ್ಲರಿಗಿಂತ ಮೊದಲು ಎದ್ದು ಹಿತ್ತಲಿಗೆ ಹೋದೆ. ಒಂದು ಸಸಿಯನ್ನು ಪೇಪರಿನಲ್ಲಿ ಒತ್ತಿ ಇಟ್ಟುಕೊಳ್ಳಬೇಕು, ಇನ್ನೊಂದನ್ನು ಬೆಳೆಯಲು ಬಿಟ್ಟು ಅದು ಏನೆಂದು ಎಲ್ಲರಿಗೂ ತೋರಿಸಬೇಕು ಎಂಬ ಹಟ. ಮಾಸ್ತರರು ಕಲಿಸಿದ ಹಾಗೆ ಬೆರಳು ಮಣ್ಣಿಗೆ ಇಳಿಸಿ, ಬೇರು ಹರಿಯದಂತೆ ಮೆಲ್ಲಗೆ ಎತ್ತಿದೆ. ಕಾಂಡದ ಬುಡದಲ್ಲಿ, ಮಣ್ಣಿನೊಳಗೆ, ಹಳೆಯ ಕಾಯಿಯೊಂದು ಇನ್ನೂ ಕಚ್ಚಿಕೊಂಡಿತ್ತು. ತೊಳೆದೆ. ಹುಣಸೆ ಬೀಜಕ್ಕಿಂತ ಸ್ವಲ್ಪ ಉದ್ದ, ಮೈತುಂಬ ಕೊಕ್ಕೆಯಂಥ ಮುಳ್ಳು. ಮರುಳುಮತ್ತಿ.

ಹೊಳೆದಂಡೆಯಲ್ಲಿ ಎದೆಯೆತ್ತರ ಬೆಳೆಯುವ ಆ ಗಿಡ ಎಲ್ಲರಿಗೂ ಗೊತ್ತಿತ್ತು. ಅದರ ಕಾಯಿ ಕುರಿಯ ಉಣ್ಣೆಗೆ, ನಮ್ಮ ಸೀರೆಯ ಅಂಚಿಗೆ ಅಂಟಿ ಜೀವ ತಿನ್ನುತ್ತಿತ್ತು. ಬೆಳೆದ ಗಿಡಕ್ಕೆ ದನ ಬಾಯಿ ಹಾಕುವುದಿಲ್ಲ. ಆದರೆ ಅದರ ಮೊದಲ ಎರಡು ಎಲೆಗಳಿಗೂ ಮುಂದಿನ ಎಲೆಗಳಿಗೂ ಸ್ವಲ್ಪವೂ ಹೋಲಿಕೆ ಇಲ್ಲ. ಹೊಳೆಯ ನೀರು ಕಾಯಿಗಳನ್ನು ತೇಲಿಸಿ ತಂದು ರೊಜ್ಜಿನಲ್ಲಿ ಬಿತ್ತಿ ಹೋಗಿತ್ತು. ತುದಿ ಚಿವುಟುವವರ ಕಣ್ಣಿಗೆ ಆ ಕಾಯಿ ಬೀಳುವ ಹಾಗೇ ಇರಲಿಲ್ಲ.

ನಾನು ಸಸಿಯನ್ನು ಪೇಪರಿನಲ್ಲಿ ಮಡಚಿ ಹಾಸಿಗೆಯ ಕೆಳಗೆ ಇಟ್ಟೆ. ಹೊರಗೆ ಬಂದಾಗ ಅತ್ತೆ ಬುಟ್ಟಿ ಹಿಡಿದು ಚಿವುಟುತ್ತಿದ್ದರು. ನಾನು ಅವರ ಪಕ್ಕದಲ್ಲೇ ಹಾದು ಸೆಗಣಿ ಬಳಿಯಲು ಹೋದೆ.

ಆ ಹೊತ್ತು ನಾನು ಏನು ಯೋಚಿಸಿದೆ ಎಂಬುದನ್ನು ಇದ್ದ ಹಾಗೆ ಬರೆಯುತ್ತೇನೆ. ತಿನ್ನಲಿ, ಹೊಟ್ಟೆ ಕೆಡಲಿ, ಎರಡು ದಿನ ಚೆಂಬು ಹಿಡಿದು ಓಡಾಡಲಿ, ಓಣಿಯ ಮುಂದೆ ಇವರ ಮುಖ ಒಂದು ಸಲ ಸಣ್ಣದಾಗಲಿ, ಆಮೇಲೆ ಪೇಪರು ಬಿಚ್ಚಿ ತೋರಿಸುತ್ತೇನೆ ಎಂದುಕೊಂಡೆ. ಜೀವ ತೆಗೆಯುವ ವಿಷ ಅದರಲ್ಲಿದೆ ಎಂದು ಗೊತ್ತಿರಲಿಲ್ಲ. ಮನೆಯಲ್ಲಿ ಬಸುರಿ ಇದ್ದಾಳೆ ಎಂಬುದು ನೆನಪಿರಲಿಲ್ಲ ಎಂದು ಬರೆಯಲು ಕೈ ಎಳೆಯುತ್ತದೆ. ನೆನಪಿತ್ತು.

ಅತ್ತೆ ತಾವೇ ಒಲೆಯ ಮುಂದೆ ಕೂತರು. ಎಲೆ ಕುದಿಸಿ, ನೀರು ಬಸಿದು, ಹೆಸರುಬೇಳೆ ಹಾಕಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟರು. ನಾನು ರೊಟ್ಟಿ ಬಡಿದೆ. ಬಡಿಸಿದವಳೂ ನಾನೇ. ನಾದಿನಿ ಎರಡು ಸಲ ಹಾಕಿಸಿಕೊಂಡಳು, ಮೂರನೇ ಸಲ ತಾನೇ ಕೈ ಚಾಚಿದಳು. "ಎಷ್ಟ ದಿನದ ಮ್ಯಾಲ ಬಾಯಿಗೆ ರುಚಿ ಹತ್ತೇತಿ ವೈನಿ" ಎಂದಳು. ಅತ್ತೆ ಮಗಳಿಗೇ ಇರಲಿ ಎಂದು ಸ್ವಲ್ಪವೇ ಉಂಡರು. ಸೊಸೆ ಉಣ್ಣುವುದು ಎಲ್ಲರದೂ ಆದ ಮೇಲೆ, ಅದು ಆ ಮನೆಯ ರೀತಿ. ಹಾಗಾಗಿ ನಾನು ಶೇಂಗಾ ಚಟ್ನಿಯ ಜೊತೆ ರೊಟ್ಟಿ ತಿಂದದ್ದನ್ನು ಯಾರೂ ನೋಡಲಿಲ್ಲ. ಉಳಿದ ಪಲ್ಯವನ್ನು ತಿಪ್ಪೆಗೆ ಚೆಲ್ಲಿ ಗಡಿಗೆ ತೊಳೆದಿಟ್ಟೆ.

ಸಂಜೆಗೆ ಇಬ್ಬರಿಗೂ ವಾಂತಿ ಶುರುವಾಯಿತು. ಅತ್ತೆ ನಾಲ್ಕು ಸಲ ಕಾರಿಕೊಂಡು, ಮಜ್ಜಿಗೆ ಕುಡಿದು, ಗೋಡೆಗೆ ಒರಗಿದರು. ನಾದಿನಿಗೆ ನಿಲ್ಲಲಿಲ್ಲ. ಬೆಳಗಾಗುವ ಹೊತ್ತಿಗೆ ಮೈ ತಣ್ಣಗಾಗಿ ಬೆವರುತ್ತಿತ್ತು, ಕರೆದರೆ ಓ ಅನ್ನುತ್ತಿರಲಿಲ್ಲ. ನಾನು ಕಾಲು ತಿಕ್ಕುತ್ತಿದ್ದಾಗಲೇ ಅವಳ ಕೈಕಾಲು ಸೆಟೆದು ಬಡಿದುಕೊಳ್ಳಲು ಶುರುವಾಯಿತು.  ಒಂದರ ಹಿಂದೆ ಒಂದು ಎರಡು ಪಾಳಿ ಮುಗಿಸಿ ಆಗಷ್ಟೇ ಬಂದ ಗಂಡ ಸೈಕಲ್ಲನ್ನು ಅಲ್ಲೇ ಕೆಡವಿ ಜೀಪು ತರಲು ಓಡಿದರು. ಮಿರಜಿನ ದವಾಖಾನೆಗೆ ಹೋಗುವ ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಹೇಳಿಬಿಡುತ್ತೇನೆ, ಡಾಕ್ಟರ ಮುಂದೆ ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾ ಹೋದೆ.

ಡಾಕ್ಟರು ಮರಾಠಿಯಲ್ಲಿ, ಏನು ತಿಂದಿದ್ದಾಳೆ ಎಂದು ಕೇಳಿದರು. "ಭಾಜಿ" ಎಂದರು ಅತ್ತೆ. ಯಾವ ಭಾಜಿ ಎಂದು ಡಾಕ್ಟರು ಮತ್ತೆ ಕೇಳಿದರು. "ಹೊಸಾದ್ರಿ ಸಾಹೇಬ್ರ, ಹೆಸರ ಗೊತ್ತಿಲ್ರಿ. ನಾನ ಹರದ ತಂದೇನ್ರಿ, ನಾನ ಮಾಡೇನ್ರಿ" ಎಂದು ಅತ್ತೆ ಕನ್ನಡದಲ್ಲೇ ಹೇಳಿ ಹಣೆ ಬಡಿದುಕೊಂಡರು. ಡಾಕ್ಟರು ನನ್ನ ಗಂಡನಿಗೆ, ಆ ಗಿಡವನ್ನು ತಂದು ತೋರಿಸಿ ಎಂದರು. ನಾನು ಅವರ ಹಿಂದೆ ಗೋಡೆಗೆ ಒತ್ತಿ ನಿಂತಿದ್ದೆ. ಗಿಡದ ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ, ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿ ನಾನು ಬಾಯಿ ಬಿಡಲಿಲ್ಲ.

ಗಂಡ ಮಧ್ಯಾಹ್ನ ಗಿಡ ತಂದರು. ಅವರೂ ಆ ಮನೆಯವರೇ, ತುದಿ ಚಿವುಟಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬಾಡಿದ ಎರಡೆರಡು ಎಲೆಗಳನ್ನು ಡಾಕ್ಟರು ತಿರುವಿ ನೋಡಿ, ಇದರಿಂದ ಏನೂ ತಿಳಿಯುವುದಿಲ್ಲ ಎಂದರು. ಬೇರು, ಕಾಯಿ ಎಲ್ಲ ಇದ್ದ ಸಸಿ ನನ್ನ ಹಾಸಿಗೆಯ ಕೆಳಗಿತ್ತು. ಹೆಸರು ತಿಳಿದಿದ್ದರೆ ಮದ್ದು ಬೇರೆ ಆಗುತ್ತಿತ್ತೇ, ಮಗು ಉಳಿಯುತ್ತಿತ್ತೇ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂಬುದರಿಂದ ಒಂದು ದಿನವೂ ಸಮಾಧಾನ ಸಿಕ್ಕಿಲ್ಲ.

ಎರಡನೇ ದಿನ ಮಗು ಹುಟ್ಟಿತು. ಹೆಣ್ಣು. ಅಳಲಿಲ್ಲ. ನರ್ಸಬಾಯಿ ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟಳು, ಅತ್ತೆ ನೆಲದಿಂದ ಏಳುವ ಸ್ಥಿತಿಯಲ್ಲಿರಲಿಲ್ಲ. ತಲೆಯಲ್ಲಿ ಕಪ್ಪು ಕೂದಲಿತ್ತು. ಹಗುರಾಗಿತ್ತು. ನಾದಿನಿ ಕಣ್ಣು ಹಳದಿಯಾಗಿ ಇನ್ನೂ ಒಂಬತ್ತು ದಿನ ಮಲಗಿ ಎದ್ದಳು. ಊರಿಗೆ ಬಂದ ದಿನ ನಾನು ಮೊದಲು ಮಾಡಿದ ಕೆಲಸ, ಹಾಸಿಗೆಯ ಕೆಳಗಿನ ಪೇಪರನ್ನು ಒಲೆಗೆ ಹಾಕಿದ್ದು. ಗಿಡಗಳ ವಹಿಯೂ ಅದರ ಹಿಂದೆಯೇ ಹೋಯಿತು.

ಆಡಿಗೆ ಒಂದು ಹಿಡಿ, ನಮಗೆ ಒಂದು ಗಡಿಗೆ. ಆ ಪದ್ಧತಿಯ ತಪ್ಪು ಇಷ್ಟೇ ಎಂದು ಆಮೇಲೆ ಹೊಳೆಯಿತು. ಪಕ್ಕದ ಮನೆಯವರು ಅವತ್ತು ಪಲ್ಯ ಮಾಡಿರಲಿಲ್ಲ, ನಮ್ಮ ಸುದ್ದಿ ಕೇಳಿ ಹಿತ್ತಲನ್ನೆಲ್ಲ ಕೆರೆದು ಸುಟ್ಟರು. "ಓದಿದಾಕಿ ತಡೀರಿ ಅಂದಿದ್ಲು, ಯಾರರೆ ಕೇಳಿದ್ರಿ?" ಎಂದು ತಮ್ಮ ತಮ್ಮಲ್ಲೇ ಬೈದಾಡಿಕೊಂಡರು. ಶಾವಂತಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಯಾರ ಹಿತ್ತಲಿನಲ್ಲಿ ಗುರುತಿಲ್ಲದ ಕುಡಿ ಎದ್ದರೂ ನನ್ನ ಹತ್ತಿರ ತರಲು ಶುರು ಮಾಡಿದರು. ನಾನು ಬೇಕೆಂದು ಹಂಬಲಿಸಿದ್ದ ಗೌರವವೆಲ್ಲ ಸಿಕ್ಕಿತು.

ಅತ್ತೆ ಹಿತ್ತಲಿಗೆ ಇಳಿಯುವುದನ್ನೇ ಬಿಟ್ಟರು. ಸಂತೆಯಿಂದ ತಂದ ಮೆಂತ್ಯದ ಸೂಡನ್ನೂ ನನ್ನ ಮುಂದೆ ಹಿಡಿದು, "ನೋಡ ಒಂದ ಸಲ, ಮೆಂತೆನ ಹೌದಲ್ಲ?" ಎಂದು ಕೇಳುತ್ತಿದ್ದರು. ಹೌದು ಅತ್ತಿ ಎಂದರೆ, ಇನ್ನೊಮ್ಮೆ ನೋಡು ಎನ್ನುತ್ತಿದ್ದರು. 

ನಾದಿನಿಗೆ ಮತ್ತೆ ದಿನ ನಿಲ್ಲಲಿಲ್ಲ, ಬಸುರಾಗಲಿಲ್ಲ. ನಾಲ್ಕು ವರ್ಷ ನೋಡಿ ಅವಳ ಗಂಡನಿಗೆ ಇನ್ನೊಂದು ಹೆಣ್ಣು ತಂದರು. ಟ್ರಂಕು ಹೊತ್ತು ನಮ್ಮ ಮನೆಗೇ ಬಂದಳು. ಅಷ್ಟರಲ್ಲಿ ನನಗೆ ಎರಡು ಮಕ್ಕಳಾಗಿದ್ದವು. ಅವನ್ನು ಬೆಳೆಸಿದವಳು ಅವಳೇ. ಎಣ್ಣೆ ಹಚ್ಚಿ ಎರೆದು, ಕಾಲ ಮೇಲೆ ಮಲಗಿಸಿ ತಟ್ಟಿ, ಸಾಲೆಗೆ ಬಿಟ್ಟು ಬಂದು, ನನ್ನ ಮಕ್ಕಳ ಅಂಗಿಯ ಗುಂಡಿ ಹಚ್ಚುತ್ತಾ ಕೂರುವ ಅವಳನ್ನು ನಾನು ದಿನಾ ನೋಡಬೇಕಾಗಿತ್ತು.

ತೊಂಬತ್ತರ ದಶಕದ ನಡುವೆ, ಒಂದು ಮಧ್ಯಾಹ್ನ, ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದರು. ಹೊರಗೆ ನಾದಿನಿ ಬಟ್ಟೆ ಒಗೆಯುತ್ತಿದ್ದಳು. ಆ ಸಪ್ಪಳ ಕೇಳುತ್ತಾ ಅತ್ತೆ ಇದ್ದಕ್ಕಿದ್ದ ಹಾಗೆ, "ಈ ಕೈ ಅವತ್ತ ಕಡದ ಬಿದ್ದಿದ್ರ ಆಕಿ ಇವತ್ತ ಹಿಂಗ ಇರತಿರಲಿಲ್ಲ" ಎಂದು ತಮ್ಮ ಎರಡೂ ಅಂಗೈ ನೋಡಿಕೊಂಡರು. ನನಗೆ ತಡೆಯಲು ಆಗಲಿಲ್ಲ. ಅವರ ಮುಂದೆ ಕೂತು ಎಲ್ಲ ಹೇಳಿದೆ. ಬೇರು ಸಮೇತ ಕಿತ್ತದ್ದು, ಮಣ್ಣಿನೊಳಗಿನ ಕಾಯಿ, ಹಾಸಿಗೆಯ ಕೆಳಗಿನ ಪೇಪರು, ದವಾಖಾನೆಯ ಗೋಡೆ. ಅಳುತ್ತಾ ಹೇಳಿದೆನೋ ಅಳದೆಯೋ ನೆನಪಿಲ್ಲ.

ಅತ್ತೆ ಮೊರ ಪಕ್ಕಕ್ಕೆ ಇಟ್ಟರು.  ಬೈಯಲಿ, ಹೊಡೆಯಲಿ, ಮನೆ ಬಿಟ್ಟು ಹೋಗು ಎನ್ನಲಿ ಎಂದು ಕಾಯುತ್ತಿದ್ದೆ.

"ಎಷ್ಟ ದಿನಾ ಹಿಡೀತವಾ ಇದನ್ನ ಕಟ್ಟಾಕ?" ಎಂದರು.

ನನಗೆ ಅರ್ಥವಾಗಲಿಲ್ಲ.

"ನನ್ನ ಭಾರ ಹಗರ ಆಗಲಿ ಅಂತ ನಿನ್ನ ತಲಿ ಮ್ಯಾಲ ಹೊತಗೊಳ್ಳಾಕತ್ತಿ. ನನಗ ತಿಳಿಯೂದಿಲ್ಲೇನ? ಬ್ಯಾಡ ನನ್ನವ್ವ. ಕಂಡ ಮ್ಯಾಲೂ ಸುಮ್ಮನಿರಾಕಿ ಅಲ್ಲ ನೀ. ಅವತ್ತ ಎಲ್ಲಾರ ಮುಂದ ತಡೀರಿ ಅಂದಾಕಿ ನೀ ಒಬ್ಬಾಕಿನ."

"ಮಕ್ಕಳಾಣಿರಿ ಅತ್ತಿ, ಖರೇನ..." ಎನ್ನುವಷ್ಟರಲ್ಲಿ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. ತಲೆ ನೇವರಿಸಿದರು. ನಾನು ಆ ಮನೆಗೆ ಬಂದ ಮೇಲೆ ಅವರು ನನ್ನನ್ನು ಹಾಗೆ ಮುಟ್ಟಿದ್ದು ಮೊದಲ ಸಲ. ಆಮೇಲೆ ಹೊರಗೆ ಕೂಗಿದರು, "ಬಾರ ಇಲ್ಲೆ, ಕೇಳ ಬಾ. ನಿಮ್ಮ ವೈನಿ ನನ್ನ ಪಾಪಾ ತನ್ನ ಮ್ಯಾಲ ಹಾಕ್ಕೋತಾಳಂತ. ಹೊಟ್ಯಾಗ ಹುಟ್ಟಿದಾಕಿನೂ ಹಿಂಗ ಮಾಡೂದಿಲ್ಲ."

ನಾದಿನಿ ಒದ್ದೆ ಕೈಯಲ್ಲೇ ಒಳಗೆ ಬಂದಳು. ತಾಯಿ ಹೇಳಿದ್ದನ್ನು ನಿಂತುಕೊಂಡೇ ಪೂರ್ತಿ ಕೇಳಿದಳು. ಅವಳ ಕಣ್ಣು ತುಂಬಿ ಬಂತು. ನನ್ನ ಕಡೆ ಒಂದು ಸಲ ನೋಡಿ, ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

ನಾನು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ.